ಹೊಡೆದ ಮೇಲೆ ಹೆಸರು ಕೇಳುವವರು

ನನ್ನ ಮೊಬೈಲಿಗೆ ನಲವತ್ತು ಚಿಲ್ಲರೆ ಹೆಣಗಳು ಬಂದಿವೆ. ಗಾಬರಿಯಾಗಬೇಡಿ, ಎಲ್ಲವೂ ಹಾವಿನವು. ಒಂದನ್ನೂ ಹೊಡೆದವನು ನಾನಲ್ಲ. ಹೊಡೆದವರು ಒಮಾನಿನಲ್ಲಿ ಮಸ್ಕತ್ತಿನಿಂದ ಸಲಾಲಾದವರೆಗೆ ಹರಡಿಕೊಂಡಿರುವ ನಮ್ಮವರೇ. ಎಂಜಿನಿಯರುಗಳು, ಬ್ಯಾಂಕಿನವರು, ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ಟೀಚರುಗಳು. ಪ್ರತಿ ಹೆಣದ ಕೆಳಗೂ ಒಂದೇ ಪ್ರಶ್ನೆ: "ಸರ್, ಇದು ವಿಷದ್ದಾ?"

ನೀವೇ ಹೇಳಿ, ಹೊಡೆದು ಹಾಕಿದ ಮೇಲೆ ಅದು ವಿಷದ್ದಾದರೇನು, ಬೆಲ್ಲದ್ದಾದರೇನು? ಕೇಳುವ ಕ್ರಮ ಇದೆಯಾ ಇದು? ಅದೂ ಹೇಗೆ ಹೊಡೆದಿರುತ್ತಾರೆಂದರೆ, ಸರಿಯಾಗಿ ತಲೆಗೇ. ಹಾವಿನ ಗುರುತು ಹಿಡಿಯಬೇಕಾದರೆ ನೋಡಬೇಕಾದದ್ದೇ ತಲೆಯನ್ನು. ಕಣ್ಣಿನ ಪಾಪೆ ದುಂಡಗಿದೆಯೋ ಸೀಳಿದಂತಿದೆಯೋ, ಕುತ್ತಿಗೆ ಸಪೂರವೋ ಅಲ್ಲವೋ, ನೆತ್ತಿಯ ಮೇಲಿನ ಹುರುಪೆ ದೊಡ್ಡದೋ ಸಣ್ಣದೋ. ಅದನ್ನೇ ಜಜ್ಜಿ ಚಟ್ನಿ ಮಾಡಿ ಹೆಸರು ಕೇಳುವುದೆಂದರೆ, ಪಾಸ್‌ಪೋರ್ಟಿನ ಫೋಟೋ ಇರುವ ಪುಟವನ್ನು ಹರಿದು ಹಾಕಿ ಇವನು ಯಾರೆಂದು ಕೇಳಿದ ಹಾಗೆ. ಬಾಲ ನೋಡಿ ನಾನೇನು ಜಾತಕ ಹೇಳಲಾ?

ಇಷ್ಟು ಸಿಟ್ಟು ಒಮ್ಮೆಲೇ ಏರಲು ಕಾರಣ, ಹಿತ್ತಿಲ ಗೋಡೆಗೆ ಒರಗಿಸಿಟ್ಟಿರುವ ಒಂದು ವೈಪರ್. ನೆಲ ತೊಳೆದ ನೀರನ್ನು ದೂಡುವ, ಉದ್ದ ಕೋಲಿನ ರಬ್ಬರ್ ಪಟ್ಟಿಯ ವೈಪರ್. ಒಮಾನಿನಲ್ಲಿ ಅದು ಇಲ್ಲದ ಮನೆ ಇಲ್ಲ. ಇದರ ಕುತ್ತಿಗೆ ಮಾತ್ರ ಡೊಂಕಾಗಿದೆ. ಅದು ನಮ್ಮ ಮನೆಯದ್ದಲ್ಲ, ಪಕ್ಕದ ಮನೆಯ ಶ್ರೀಧರನದ್ದು. ಅದು ಹೇಗೆ ಡೊಂಕಾಯಿತು ಎಂದು ಹೇಳುವ ಮೊದಲು, ನನಗೆ ಈ ಹಾವಿನ ಅಧಿಕಾರ ಎಲ್ಲಿಂದ ಬಂತು ಎನ್ನುವುದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮಸ್ಕತ್ತಿನ ಕುರುಮ್‌ನ ಆಫೀಸಿನಲ್ಲಿ ನಕ್ಷೆಗಳಿಗೆ ನಂಬರು ಹಾಕುವ ಮನುಷ್ಯನಿಗೆ ಇದೆಲ್ಲ ಯಾಕೆ ಎಂದು ನೀವೂ ಕೇಳುತ್ತೀರಿ. ನನ್ನ ಮ್ಯಾನೇಜರ್ ಆಗಲೇ ಕೇಳಿಯಾಗಿದೆ.

ನನ್ನ ಅಪ್ಪ ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ನಾನು ಬೆಳೆದದ್ದು ಆವೆಮಣ್ಣಿನ ರಾಶಿ, ಗೂಡಿನ ಹೊಗೆ ಮತ್ತು ಆಳೆತ್ತರ ಪೇರಿಸಿದ ಹೆಂಚುಗಳ ನಡುವೆ. ಹೆಂಚಿನ ಸಾಲುಗಳ ಸಂದಿಯೆಂದರೆ ಹಾವುಗಳಿಗೆ ಹೇಳಿ ಕಟ್ಟಿಸಿದ ಮನೆ. ಹಗಲು ಹೊತ್ತು ತಂಪಾಗಿ ಸುರುಳಿ ಸುತ್ತಿ ಮಲಗಿರುತ್ತಿದ್ದವು. ಹೆಂಚು ಹೊರುವ ಹೆಂಗಸರಲ್ಲಿ ಯಾರಾದರೂ ಒಂದು ಹೆಂಚು ಎತ್ತಿದ ಕೂಡಲೇ ಬೊಬ್ಬೆ ಹೊಡೆದರೆ, ಗಂಡಸರೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿ ಬರುತ್ತಿದ್ದರು. ಅಪ್ಪ ಮಾತ್ರ ಬೀಡಿ ಆರಿಸಿ, ಕಿವಿಯ ಮೇಲಿಟ್ಟುಕೊಂಡು, ನಿಧಾನ ನಡೆದು ಬಂದು ಎರಡೂ ಕೈ ಅಗಲಿಸಿ ನಿಲ್ಲುತ್ತಿದ್ದರು.

"ನಿಲ್ಲಿ ಮಾರಾಯ್ರೆ, ಮೊದಲು ಅದು ಯಾರೂಂತ ನೋಡುವ."

'ಯಾವುದು' ಎಂದಲ್ಲ, 'ಯಾರು' ಎಂದೇ ಕೇಳುತ್ತಿದ್ದರು, ಬಾಗಿಲು ತಟ್ಟಿದವರನ್ನು ಕೇಳುವ ಹಾಗೆ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ನನಗೆ ತೋರಿಸುತ್ತಿದ್ದರು. ಪಟ್ಟೆ ಕುತ್ತಿಗೆಯ ಕಡೆ ಜೋರಾಗಿದ್ದು ಬಾಲದ ಕಡೆ ಮಾಸಿದ್ದರೆ ತೋಳ ಹಾವು, ಪಾಪದ್ದು. ಕುತ್ತಿಗೆಯ ಕಡೆ ಪಟ್ಟೆಯೇ ಕಾಣದೆ ಹಿಂದೆ ಜೋರಾಗಿದ್ದರೆ ಕಡಂಬಳ, ವಿಷದ ಕಟ್ಟು ಹಾವು, ಹತ್ತಿರ ಹೋಗಬೇಡ. "ಗೊತ್ತಾಗದಿದ್ದರೆ?" ಎಂದು ನಾನು ಕೇಳಿದರೆ, "ಗೊತ್ತಾಗದಿದ್ದರೆ ಎರಡಕ್ಕೂ ದಾರಿ ಬಿಡು. ಅದಕ್ಕೇನು ನಿನ್ನ ಹತ್ತಿರ ಕೆಲಸ ಉಂಟಾ?" ಎನ್ನುತ್ತಿದ್ದರು. ಅವರು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಮೊಬೈಲಿಗೆ ಹೆಣ ಕಳಿಸುವವರಲ್ಲಿ ಡಬಲ್ ಡಿಗ್ರಿ ಆಗದವರು ಕಡಿಮೆ.

ನಮ್ಮ ಕರಾವಳಿಯವರ ಕಥೆ ಕೇಳಿದರಂತೂ ಸಿಟ್ಟು ದುಪ್ಪಟ್ಟಾಗುತ್ತದೆ. ಕೊಂಬೇರಿ ಮೂರ್ಖ ಎನ್ನುವ ಒಂದು ಬಡಪಾಯಿ ಇದೆ. ತಾಮ್ರದ ಬಣ್ಣದ ಬೆನ್ನು, ಮರದಿಂದ ಮರಕ್ಕೆ ಹಾರುವುದು ಬಿಟ್ಟರೆ ಬೇರೆ ಉದ್ಯೋಗ ಗೊತ್ತಿಲ್ಲ. ಅದು ಮನುಷ್ಯನಿಗೆ ಕಚ್ಚಿ ಕೊಂದು, ಆಮೇಲೆ ಮರದ ತುದಿಗೆ ಹತ್ತಿ, ಅವನ ಚಿತೆಯ ಹೊಗೆ ಏಳುತ್ತದೋ ಇಲ್ಲವೋ ಎಂದು ಕಾದು ನೋಡುತ್ತದಂತೆ! ಹೊಗೆ ಕಂಡ ಮೇಲೆಯೇ ಇಳಿಯುವುದಂತೆ! ಅಷ್ಟು ಪುರುಸೊತ್ತು ಯಾರಿಗಿದೆ? ಕಪ್ಪೆ ಹಿಡಿದು ಹೊಟ್ಟೆ ಹೊರೆಯುವುದೇ ಕಷ್ಟವಾಗಿರುವ ಪ್ರಾಣಿಗೆ ಈ ಹೊಗೆ ಕಾಯುವ ಡ್ಯೂಟಿ ಹಾಕಿದವರು ಯಾರು? ಕೇರೆ ಹಾವು ಹಟ್ಟಿಗೆ ಬಂದು ದನದ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದಂತೆ. ಹಸಿರು ಹಾವು ಹಣೆಗೇ ಗುರಿಯಿಟ್ಟು ಹೊಡೆಯುತ್ತದಂತೆ. ಈ ಸುಳ್ಳುಗಳೆಲ್ಲ ವೀಸಾ ಇಲ್ಲದೆ ಸಮುದ್ರ ದಾಟಿ ಇಲ್ಲಿಗೂ ಬಂದಿವೆ.

ನಾನೇನು ದೊಡ್ಡ ಧೈರ್ಯಶಾಲಿ ಎಂದುಕೊಳ್ಳಬೇಡಿ. ಆರನೇ ಕ್ಲಾಸಿನಲ್ಲಿದ್ದಾಗ ಗೆಳೆಯರ ಮುಂದೆ ಪಾಂಡಿತ್ಯ ತೋರಿಸಲು ಕಾರ್ಖಾನೆಯ ಕೆರೆಯಿಂದ ಒಂದು ನೀರೊಳ್ಳೆಯನ್ನು ಬರಿಗೈಯಲ್ಲಿ ಎತ್ತಿದ್ದೆ. "ಇದಕ್ಕೆ ವಿಷವೇ ಇಲ್ಲ, ಗೊತ್ತುಂಟಾ?" ಎಂದು ಭಾಷಣ ಶುರುಮಾಡುವಷ್ಟರಲ್ಲಿ ಅದು ಹೆಬ್ಬೆರಳಿಗೆ ಕಚ್ಚಿ ನೇತಾಡಿತು. ವಿಷವಿಲ್ಲವೆಂದು ನನಗೆ ಗೊತ್ತಿತ್ತು. ಆಗಷ್ಟೇ ಬಾಯಿಬಿಟ್ಟು ಹೇಳಿಯೂ ಆಗಿತ್ತು. ಆದರೂ ಕಣ್ಣು ಕತ್ತಲೆ ಕಟ್ಟಿ ದೊಪ್ಪನೆ ಬಿದ್ದೆ. ಎಚ್ಚರವಾದಾಗ ಅಪ್ಪ ಪಕ್ಕದಲ್ಲಿ ಕೂತು ನಗುತ್ತಿದ್ದರು. "ನೀರೊಳ್ಳೆ ಕಚ್ಚಿ ಸತ್ತವನು ಇಡೀ ಮಂಗಳೂರಿಗೆ ನೀನೊಬ್ಬನೇ" ಎಂದರು. ಈ ಕಥೆಯನ್ನು ನಾನು ಮಸ್ಕತ್ತಿನಲ್ಲಿ ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ.

ಈಗ ವೈಪರಿನ ವಿಷಯಕ್ಕೆ ಬರುತ್ತೇನೆ. ಅಲ್ ಮಬೇಲಾದಲ್ಲಿ ನಾವಿರುವ ವಿಲ್ಲಾದಲ್ಲಿ ಮೂರು ಮನೆ. ಕೆಳಗೆ ನಾನು ಮತ್ತು ಹೆಂಡತಿ ವನಜ. ಪಕ್ಕದಲ್ಲಿ ಮೈಸೂರಿನ ಶ್ರೀಧರ, ಅವನ ಹೆಂಡತಿ, ಐದು ವರ್ಷದ ಮಗಳು ಪುಟ್ಟಿ. ಮೇಲೆ ಉಡುಪಿ ಕಡೆಯ ಶಕುಂತಲಕ್ಕನ ಸಂಸಾರ. ಮೂರೂ ಮನೆಗೆ ಸೇರಿ ಹಿಂದೆ ಹತ್ತು ಹೆಜ್ಜೆಯ ತೋಟ. ವನಜಳ ಬಸಳೆ ಚಪ್ಪರ, ನೀಲಿ ಡ್ರಮ್ಮಿನಲ್ಲಿ ಮಲ್ಲಿಗೆ, ಒಂದು ಕರಿಬೇವು. ಎಸಿಯಿಂದ ತೊಟ್ಟಿಕ್ಕುವ ನೀರನ್ನೇ ಕುಡಿದು ಬೆಳೆದ ತೋಟ ಅದು. ನೀರಿದ್ದಲ್ಲಿ ಹುಳ ಬಂತು, ಹುಳಕ್ಕೆ ಹಲ್ಲಿ ಬಂತು, ಹಲ್ಲಿಗಳನ್ನು ಹುಡುಕಿಕೊಂಡು ಅವನು ಬಂದ.

ಅವನಿಗೆ ಕನ್ನಡದಲ್ಲಿ ಹೆಸರಿಲ್ಲ. ಈ ದೇಶದ ಹಾವು, ನಮ್ಮ ಕೇರೆಯ ಚಿಕ್ಕಪ್ಪನ ಮಗ ಎನ್ನಬಹುದು. ಬೂದು ಬಣ್ಣ, ಬಳ್ಳಿಯಷ್ಟು ಸಪೂರ, ಬೆನ್ನಿನುದ್ದಕ್ಕೂ ಮೇಷ್ಟ್ರು ಎಳೆದಂಥ ತೆಳುವಾದ ಕೆಂಪು ಗೆರೆ, ದುಂಡಗಿನ ದೊಡ್ಡ ಕಣ್ಣು. ಬೆಳಿಗ್ಗೆ ಹತ್ತು ಗಂಟೆಗೆ ಬಂದು ಹಲ್ಲಿ ಹುಡುಕಿ ನಾಲ್ಕಕ್ಕೆ ಹೋಗುತ್ತಿದ್ದುದರಿಂದ ವನಜ ಅವನನ್ನು "ನಿಮ್ಮ ಆಫೀಸಿನವ" ಎನ್ನುತ್ತಿದ್ದಳು. ಎರಡು ಚಳಿಗಾಲ ಅವನನ್ನು ನೋಡಿದ್ದು ನಾವಿಬ್ಬರೇ. ಯಾರ ತಂಟೆಗೂ ಬಂದವನಲ್ಲ.

ಹಾಗೆಂದು ಈ ದೇಶದಲ್ಲಿ ಕೆಟ್ಟವೇ ಇಲ್ಲವೆಂದು ನಾನು ಹೇಳುವವನಲ್ಲ. ಗರಗಸ ಮಂಡಲ ಇದೆ. ಗಿಡ್ಡ ಮೈ, ಅಗಲ ತಲೆ, ಸುರುಳಿ ಉಜ್ಜಿಕೊಂಡು ಕಾದ ಕಾವಲಿಗೆ ನೀರು ಬಿದ್ದಂತೆ ಸದ್ದು ಮಾಡುತ್ತದೆ. ಅದನ್ನು ಕಂಡರೆ ನಾನೂ ಹಿಂದೆ ಸರಿಯುತ್ತೇನೆ. ಅದಕ್ಕೇ ಅಲ್ಲವೇ ಗುರುತು ಹಿಡಿಯಲು ಕಲಿಯಬೇಕಾದದ್ದು? ಮೂರು ಮನೆಯವರನ್ನೂ ಚಪ್ಪರದ ಕೆಳಗೆ ಕೂರಿಸಿ ಪಾಠ ಮಾಡಿದ್ದೆ. ಹಾವು ಕಂಡರೆ ಮಕ್ಕಳನ್ನು ಒಳಗೆ ಕಳಿಸಿ. ದೂರ ನಿಲ್ಲಿ. ತಲೆ ಕಾಣುವ ಹಾಗೆ ಒಂದು ಫೋಟೋ ತೆಗೆದು ನನಗೆ ಕಳಿಸಿ. ನಾನು ಹೇಳುವ ತನಕ ಕೈ ಎತ್ತಬೇಡಿ. ಶಕುಂತಲಕ್ಕ ಆಕಳಿಸಿದರು. ಶ್ರೀಧರ ಮಾತ್ರ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ. "ಆಯ್ತು ಸರ್, ಖಂಡಿತ ಸರ್" ಎಂದ.

ಈ ಶ್ರೀಧರ ಒಳ್ಳೆಯ ಹುಡುಗನೇ. ಶಿಫ್ಟಿನ ಕೆಲಸ, ಮಾತಿಗೆ ಮುಂಚೆ ಸರ್. ಆದರೆ ಅವನ ಒಂದು ಚಟ ನನಗೆ ಆಗಿಬರುವುದಿಲ್ಲ. ದಿನಾ ಬೆಳಿಗ್ಗೆ ಐದೂವರೆಗೆ ಇಬ್ಬನಿ ಬಿದ್ದ ಗುಲಾಬಿ, ಅದರ ಮೇಲೆ 'ಶುಭೋದಯ'. ಮಧ್ಯಾಹ್ನ ಆರೋಗ್ಯದ ಸಲಹೆ. ಸಾಲದ್ದಕ್ಕೆ ರಾಜ್ಯೋತ್ಸವದ ನಾಟಕದಲ್ಲಿ ನಾನು ಮೀಸೆ ಅಂಟಿಸಿಕೊಂಡು ಗೌಡನ ಪಾರ್ಟು ಮಾಡಬೇಕೆಂದು ಬೆನ್ನು ಬಿದ್ದಿದ್ದ. ತಡೆಯಲಾರದೆ ಒಂದು ದಿನ ಅವನ ಮೆಸೇಜುಗಳನ್ನು ಮ್ಯೂಟ್ ಮಾಡಿದೆ. ಎಂಟು ಗಂಟೆಯೋ, ಒಂದು ವಾರವೋ, ಯಾವಾಗಲೂ ಎಂದೋ ಮೊಬೈಲು ಕೇಳಿತು. 'ಯಾವಾಗಲೂ' ಎಂಬುದನ್ನು ಒತ್ತಿ ನೆಮ್ಮದಿಯಾಗಿ ಕಾಫಿ ಕುಡಿದೆ.

ಆ ಬುಧವಾರ ವನಜ ಮನೆಯಲ್ಲಿರಲಿಲ್ಲ. ಆಫೀಸಿನಲ್ಲಿ ಹನ್ನೊಂದರ ಚಹಾದ ಹೊತ್ತಿಗೆ ಶ್ರೀಧರನ ಕಾಲ್ ಬಂತು. ಗೌಡನ ಪಾರ್ಟಿನ ವಿಷಯವೇ ಇರಬೇಕೆಂದು ಫೋನನ್ನು ಮಗುಚಿಟ್ಟು ಸಮೋಸಾ ಮುಗಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ವಿಲ್ಲಾದ ಗ್ರೂಪಿನಲ್ಲಿ ಒಂದು ಫೋಟೋ. ಇಂಟರ್‌ಲಾಕ್ ಕಲ್ಲಿನ ಮೇಲೆ ಬೂದು ಬಣ್ಣದ ಹಗ್ಗ, ಬೆನ್ನಿನ ಮೇಲೆ ಕೆಂಪು ಗೆರೆ. ತಲೆ ಇರಬೇಕಾದಲ್ಲಿ ಅಗಲವಾಗಿ ಚಪ್ಪಟೆಯಾದ ಏನೋ ಒಂದು. ಪಕ್ಕದಲ್ಲಿ ಕುತ್ತಿಗೆ ಡೊಂಕಾದ ವೈಪರ್. ಕೆಳಗೆ ಶಕುಂತಲಕ್ಕನ ಬರಹ: "ಅಯ್ಯೋ ದೇವರೇ, ಶ್ರೀಧರ ನಾಗನನ್ನು ಹೊಡೆದಿದ್ದಾರೆ. ಹೆಡೆ ನೋಡಿ."

ಹೆಡೆಯಂತೆ! ವೈಪರಿನ ಏಟಿಗೆ ಅಪ್ಪಚ್ಚಿಯಾದ ತಲೆ ಅದು. ಹೊಡೆದ ಏಟೇ ಹೆಡೆಯಾಗಿ, ಹಲ್ಲಿ ತಿನ್ನುವ ಬಡಪಾಯಿ ಒಂದೇ ಕ್ಷಣದಲ್ಲಿ ನಾಗನಾಗಿ ಬಡ್ತಿ ಪಡೆದಿತ್ತು. ನಾನು ಮನೆಗೆ ಬಂದು ಮೇಲೆ ಹತ್ತಿ ಹೋಗಿ ಹೇಳಿದೆ. "ಶಕುಂತಲಕ್ಕಾ, ಈ ದೇಶದಲ್ಲಿ ನಾಗರ ಜಾತಿಯದ್ದು ಇರುವುದು ದೂರ ಸಲಾಲಾದ ಕಡೆ. ಅಲ್ಲಿಂದ ಬಸ್ಸು ಹತ್ತಿ ಮಬೇಲಾಕ್ಕೆ ಬರುವುದಿಲ್ಲ."

"ನೀವು ಎಂತ ಬೇಕಾದ್ರೂ ಹೇಳಿ ಭಾಸ್ಕರಣ್ಣ, ನನ್ನ ಕಣ್ಣಿಗೆ ಹೆಡೆ ಕಾಣ್ತದೆ. ನಾಳೆ ಆ ಮಗುವಿಗೆ ಏನಾದ್ರೂ ಆದ್ರೆ ನೀವು ಬರ್ತೀರಾ?" ಎಂದರು ಅವರು. "ಸತ್ತ ನಾಗನನ್ನು ಕಸದ ಡಬ್ಬಿಗೆ ಹಾಕ್ಲಿಕ್ಕೆ ಆಗ್ತದಾ? ಸಂಸ್ಕಾರ ಮಾಡ್ಲೇಬೇಕು."

ಅವರ ಭಯ ಸುಳ್ಳಲ್ಲ. ನಮ್ಮ ಕಡೆ ನಾಗನ ಹೆಣ ಕಂಡವರು ಹಾಗೇ ಬಿಟ್ಟು ಹೋಗುವ ಕ್ರಮವಿಲ್ಲ. ಮನುಷ್ಯರಿಗೆ ಮಾಡುವಂತೆ ದಹನ ಮಾಡಬೇಕು. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದಳು, ಅದಕ್ಕೆ ನಾನು ಎದುರಾಡುವವನಲ್ಲ. ಆದರೆ ಅದು ನಾಗನೇ ಅಲ್ಲವಲ್ಲ! ನನ್ನ ಮಾತು ಯಾರಿಗೆ ಬೇಕು? ಗ್ರೂಪಿನಲ್ಲಿ ಒಂದೇ ಮಧ್ಯಾಹ್ನ ಅರವತ್ತು ಮೆಸೇಜು ಬಂತು. ಹೊಡೆದವನು ಮೈಸೂರಿನವನು, ಅವನಿಗೆ ಈ ಕ್ರಮವೇ ಗೊತ್ತಿಲ್ಲ. ಆದರೂ ಮಗಳ ಹೆಸರೆತ್ತಿದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. ಊರಿನ ಭಟ್ಟರು ಶುಕ್ರವಾರ ವಿಡಿಯೋ ಕಾಲಿನಲ್ಲಿ ಮಂತ್ರ ಹೇಳಲು ಒಪ್ಪಿದರು. ಅಲ್ಲಿಯವರೆಗೆ ನಮ್ಮ ಆಫೀಸಿನವನು ಹೊಸ ಬಿಳಿ ಪಂಚೆಯಲ್ಲಿ ಸುತ್ತಿಸಿಕೊಂಡು, ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ, ಶ್ರೀಧರನ ಫ್ರೀಜರಿನಲ್ಲಿ ಮಲಗಿದ.

ಶುಕ್ರವಾರ ಸಂಜೆ ನಾಲ್ಕಕ್ಕೆ ದಹನ. ಎಲ್ಲಿ? ಬಾರ್ಬೆಕ್ಯೂ ಒಲೆಯಲ್ಲಿ. ಹಿಂದಿನ ವಾರ ಕೋಳಿ ಸುಟ್ಟಿದ್ದ ಒಲೆಯನ್ನು ಮೂರು ಸಲ ತೊಳೆದು ಅರಿಶಿನ ಹಚ್ಚಿದ್ದರು. ತುಪ್ಪ, ಕರ್ಪೂರ, ಎಲ್ಲಿಂದಲೋ ತಂದ ಗಂಧದ ಚಕ್ಕೆ. ಶ್ರೀಧರನಿಗೆ ತಲೆಗೆ ಸ್ನಾನ ಮಾಡಿಸಿ, ಬೆಳಿಗ್ಗೆಯಿಂದ ಉಪವಾಸ ಕೂರಿಸಿ, ಒದ್ದೆ ಪಂಚೆಯಲ್ಲಿ ಮುಂದೆ ನಿಲ್ಲಿಸಿದ್ದರು. ಹೊಗೆ ಏಳುವುದಕ್ಕೂ ಗೇಟಿನಲ್ಲಿ ವಿಲ್ಲಾದ ಒಡೆಯ ಹಮೂದ್, ನಾವೆಲ್ಲ 'ಅರ್ಬಾಬ್' ಎಂದರೆ ಧಣಿ ಎಂದು ಕರೆಯುವವರು, ಇಣುಕುವುದಕ್ಕೂ ಸರಿಹೋಯಿತು.

"ಬಾರ್ಬೆಕ್ಯೂ? ಕ್ಯಾ ಬನಾತಾ ಹೈ ಆಜ್?" ಎಂದು, ಇವತ್ತೇನು ಸುಡುತ್ತಿದ್ದೀರೆಂದು ಸಂತೋಷದಿಂದ ಕೇಳಿದರು ಅವರು.

"ಪೂಜಾ, ಅರ್ಬಾಬ್" ಎಂದಳು ವನಜ. ಅವರು ಒಲೆಯನ್ನೂ ಒದ್ದೆಯಾಗಿ ನಿಂತ ಶ್ರೀಧರನನ್ನೂ ನೋಡಿ, "ಯಲ್ಲಾ, ಆಗ್ ಸಂಭಾಲ್ಕೆ" ಎಂದು ಬೆಂಕಿಯ ಜಾಗ್ರತೆ ಹೇಳಿ ಹೋದರು.

ತುಪ್ಪದ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ದಿನದಿಂದ ತಡೆದಿಟ್ಟುಕೊಂಡದ್ದು ನನ್ನ ಬಾಯಿಯಿಂದ ಒಡೆದು ಬಂತು. "ಜೀವ ಇದ್ದಾಗ ವೈಪರು, ಸತ್ತ ಮೇಲೆ ಗಂಧದ ಚಕ್ಕೆಯಾ? ನಾಚಿಕೆ ಆಗುವುದಿಲ್ವಾ ನಿಮಗೆಲ್ಲ? ಶ್ರೀಧರ್, ನೀವು ಓದಿದವರಲ್ವಾ? ತಲೆ ಚಚ್ಚಿಕೊಂಡು ಹೇಳಿದ್ದೆ, ಹೊಡೆಯುವ ಮೊದಲು ಒಂದು ಫೋಟೋ ಕಳಿಸಿ ಅಂತ. ಒಂದೇ ಒಂದು ಫೋಟೋ! ಅಷ್ಟಕ್ಕೂ ಪುರುಸೊತ್ತಿಲ್ಲ ಅಂದ್ರೆ ನೀವು ಎಂತ ಮನುಷ್ಯರು?"

"ಸರ್, ನಾನು..." ಎಂದ ಶ್ರೀಧರ.

"ಮಾತಾಡಬೇಡಿ. ಒಂದು ಪಾಪದ ಜೀವ ತೆಗೆದು ಮೇಲಿಂದ ಸಬೂಬು ಬೇರೆ."

ಅವನು ನನ್ನನ್ನು ಒಮ್ಮೆ ನೋಡಿದ. ಕಿಟಕಿಯಲ್ಲಿ ನಿಂತಿದ್ದ ಪುಟ್ಟಿಯನ್ನೂ ನೋಡಿದ. ಆಮೇಲೆ ತನ್ನ ಕಾಲನ್ನೇ ನೋಡಿಕೊಂಡು, "ತಪ್ಪಾಯ್ತು ಸರ್" ಎಂದ. ನನಗೆ ಎದೆಯ ಭಾರ ಇಳಿದ ಹಾಗಾಯಿತು. ನಿಜ ಹೇಳುತ್ತೇನೆ, ಖುಷಿಯೇ ಆಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಸಿಟ್ಟೆನ್ನುವುದು ಉಳಿದ ಸಾಂಬಾರಿನಂತೆ, ಮರುದಿನ ಇನ್ನೂ ರುಚಿ ಹತ್ತುತ್ತದೆ. ಶನಿವಾರ ಬೆಳಿಗ್ಗೆ ಅವನಿಗೊಬ್ಬನಿಗೇ ಇನ್ನೊಂದು ಪಾಠ ಬರೆಯೋಣವೆಂದು, ಮ್ಯೂಟ್ ಮಾಡಿಟ್ಟಿದ್ದ ಅವನ ಹೆಸರನ್ನು ಹುಡುಕಿ ತೆರೆದೆ. ಗುಲಾಬಿಗಳು, ನಿಂಬೆರಸದ ಮಹಿಮೆ, ಮತ್ತೆ ಗುಲಾಬಿಗಳು. ಅವೆಲ್ಲ ಮುಗಿದಲ್ಲಿ ಬುಧವಾರ ಇತ್ತು.

ಮೊದಲು ಒಂದು ಫೋಟೋ. ಬಸಳೆ ಚಪ್ಪರದ ಬುಡದಲ್ಲಿ ನಮ್ಮ ಆಫೀಸಿನವನು ತಲೆ ಎತ್ತಿ ನಿಂತಿದ್ದಾನೆ. ದುಂಡಗಿನ ಕಣ್ಣು, ನೆತ್ತಿಯ ಒಂದೊಂದು ಹುರುಪೆ, ಹೊರಗೆ ಚಾಚಿದ ನಾಲಗೆ, ಎಲ್ಲವೂ ಸ್ಪಷ್ಟ. ಅದರ ಕೆಳಗೆ ಸಾಲಾಗಿ ಮೆಸೇಜುಗಳು.

"ಸರ್, ಇದು ಯಾವ್ದು? ವಿಷದ್ದಾ?"

"ನೀವು ಹೇಳಿದ ಹಾಗೆ ಪುಟ್ಟೀನ ಒಳಗೆ ಕಳಿಸಿದೀನಿ. ದೂರದಲ್ಲೇ ನಿಂತಿದೀನಿ. ತಲೆ ಕಾಣೋ ಹಾಗೆ ತೆಗ್ದಿದೀನಿ ಸರ್."

"ಸರ್, ಬ್ಯುಸಿನಾ? ಕಾಯ್ತಿದೀನಿ."

ಆಮೇಲೆ ಒಂದು ಮಿಸ್ಡ್ ಕಾಲ್. ನನ್ನ ಸಮೋಸಾದ ಹೊತ್ತು.

"ಸರ್, ಅದು ಪುಟ್ಟಿ ರೂಮಿನ ಕಿಟಕಿ ಹತ್ತಿರ ಹೋಗ್ತಿದೆ. ಕಿಟಕಿ ತೆಗ್ದಿದೆ. ಪ್ಲೀಸ್ ಬೇಗ ಹೇಳಿ."

ಅಲ್ಲಿಗೆ ಮುಗಿದಿತ್ತು. ಮೊದಲ ಮೆಸೇಜಿಗೂ ಕೊನೆಯದಕ್ಕೂ ನಡುವೆ ಇಪ್ಪತ್ತೆರಡು ನಿಮಿಷ. ಇಪ್ಪತ್ತೆರಡು ನಿಮಿಷ ಆ ಮನುಷ್ಯ, ಹಾವೆಂದರೆ ಏನೆಂದೇ ಗೊತ್ತಿಲ್ಲದವನು, ಕೈಯಲ್ಲಿ ವೈಪರ್ ಹಿಡಿದು, ನನ್ನ ಮಾತಿಗೆ ಕಟ್ಟುಬಿದ್ದು ನಿಂತಿದ್ದ. ವಿಷವಿಲ್ಲವೆಂದು ಗೊತ್ತಿದ್ದೂ ದೊಪ್ಪನೆ ಬಿದ್ದವನು ನಾನು.

ನನ್ನ ಮುಖ ನೋಡಿ ವನಜ ಫೋನು ಕಸಿದುಕೊಂಡು ಓದಿದಳು. "ಮಂಡೆ ಸಮ ಉಂಡಾ ಇರೆಗ್?" ಎಂದಳು. ತಲೆ ಸರಿ ಇದೆಯಾ ನಿಮಗೆ ಎಂದು ಅರ್ಥ, ಆದರೆ ತುಳುವಿನಲ್ಲಿ ಅದರ ಖಾರವೇ ಬೇರೆ. "ಮೂರು ಶಬ್ದ ಬರೆಯಲಿಕ್ಕೆ ಆಗಲಿಲ್ಲ ನಿಮಗೆ. ಅಷ್ಟು ಜನರೆದುರು ಅವನಿಗೆ ಬೊಬ್ಬೆ ಹೊಡೆಯಲಿಕ್ಕೆ ಮಾತ್ರ ಆಯ್ತು."

ನಾನು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಶ್ರೀಧರನೇ ತೆರೆದ. ನನ್ನ ಕೈಯಲ್ಲಿದ್ದ ಫೋನು ನೋಡಿ ಅವನಿಗೆ ತಿಳಿಯಿತು.

"ನಿನ್ನೆ ಯಾಕೆ ಹೇಳಲಿಲ್ಲ ಮಾರಾಯ್ರೆ?" ಎಂದೆ. "ಎಲ್ಲರ ಎದುರು ಈ ಫೋನು ತೆಗೆದು ತೋರಿಸಿಬಿಡಬಹುದಿತ್ತಲ್ಲ."

ಅವನು ತಲೆ ತುರಿಸಿಕೊಂಡ. "ನೀವು ದೊಡ್ಡೋರು ಸರ್. ಅಷ್ಟು ಜನರ ಮುಂದೆ ಹೆಂಗ್ ಹೇಳೋದು? ಹೋಗ್ಲಿ ಬಿಡಿ." ಆಮೇಲೆ ಮೆಲ್ಲಗೆ ಕೇಳಿದ, "ಸರ್, ಅದು ವಿಷದ್ದಾ?"

ಆ ಪ್ರಶ್ನೆಗೆ ನಾನು ನಲವತ್ತು ಸಲ ಸಿಟ್ಟಾಗಿದ್ದೇನೆ. ಅವತ್ತು ಸಿಟ್ಟು ಬರಲಿಲ್ಲ. ಅಲ್ಲವೆಂದು ಹೇಳಿದರೆ ಒಂದು ಪಾಪದ ಜೀವ ತೆಗೆದ ಭಾರ ಅವನ ಮೇಲೆ. ಹೌದೆಂದರೆ ಅಪ್ಪ ಕಲಿಸಿದ ಒಂದೇ ವಿದ್ಯೆಗೆ ಮೋಸ. ಒಳಗಿನಿಂದ ಪುಟ್ಟಿ ಬಂದು ಅವನ ಕಾಲಿಗೆ ಅಂಟಿಕೊಂಡು ನಿಂತಿತು.

"ಅಲ್ಲ, ಏನೂ ಮಾಡುವುದಿಲ್ಲ" ಎಂದೆ. "ಕೊಂದದ್ದು ನೀವಲ್ಲ, ನಾನು."

ಹೆಣಗಳ ಫೋಟೋಗಳನ್ನೆಲ್ಲ ಈಗ ಅಳಿಸಿದ್ದೇನೆ. ಒಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷಗಳಲ್ಲಿ ನನಗೆ ಬಂದವುಗಳಲ್ಲಿ ತಲೆ ಇರುವುದು ಅದೊಂದೇ. ಬಸಳೆಯ ಬುಡದಲ್ಲಿ ಕತ್ತೆತ್ತಿ ನೇರ ನನ್ನನ್ನೇ ನೋಡುತ್ತದೆ. ಅದರ ಕೆಳಗೆ ಬರೆದಿದೆ, "ಕಾಯ್ತಿದೀನಿ."